ಮುಷ್ಟಿಯೊಳಗಿನ ಕಡಲೆ: ಮಕ್ಕಳ ಕಲಿಕೆಯಲ್ಲಿ ಊಹೆ ಮತ್ತು ತಿಂಡಿ

ಪಾಠಕ್ಕೆ ಒಲ್ಲದ ಮಗುವಿಗೆ ತಿಂಡಿಯ ಆಸೆ ತೋರಿಸಬಹುದೇ ಎಂಬ ಪ್ರಶ್ನೆ ಬಹು ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನಲ್ಲಿ ಉಪಾಧ್ಯಾಯರು ಸಣ್ಣ ಸಿಹಿರೊಟ್ಟಿಗಳನ್ನು ಕೊಟ್ಟು ಹುಡುಗರನ್ನು ಅಕ್ಷರಾಭ್ಯಾಸಕ್ಕೆ ಒಲಿಸಿಕೊಳ್ಳುತ್ತಿದ್ದರೆಂಬುದು ಕವಿ ಹೊರೇಸನ ವಿಡಂಬನೆಗಳಲ್ಲಿ ಹಾದುಹೋಗುವ ಒಂದು ಮಾತಿನಿಂದ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಬೆಲ್ಲದ ಚೂರು ಮಾಡುತ್ತ ಬಂದಿರುವ ಕೆಲಸವೂ ಇದೇ. ಊಹೆಯ ಆಟಗಳೂ ಇಷ್ಟೇ ಹಳೆಯವು. ಇವೆರಡೂ ಕೂಡಿ, ಮಗು ಊಹಿಸಲಿ, ಊಹೆ ನಿಜವಾದರೆ ತಿನ್ನಲಿ ಎಂಬುದೇ ಒಂದು ಬೋಧನಕ್ರಮವಾದಾಗ, ಅಲ್ಲಿ ಕಲಿಸುವ ಕೆಲಸವನ್ನು ನಿಜವಾಗಿ ಮಾಡುವುದು ಯಾವುದು, ಊಹೆಯೋ ತಿಂಡಿಯೋ? ಶಿಕ್ಷಣಶಾಸ್ತ್ರದ ತರಗತಿಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ವಿದ್ಯಾರ್ಥಿಗಳು ಎರಡು ಪಂಗಡವಾಗುವುದನ್ನು ನಾವು ಕಂಡಿದ್ದೇವೆ. ತಿಂಡಿಯೆಂದರೆ ಲಂಚವೆಂದು ಒಂದು ಪಂಗಡ. ತಿಂಡಿಯಿಲ್ಲದೆ ಮಕ್ಕಳು ಪಾಠಕ್ಕೆ ಕಿವಿಗೊಡುವರೇ ಎಂದು ಇನ್ನೊಂದು. ವಾದದ ಬಿಸಿಯಲ್ಲಿ ಇಬ್ಬರೂ ಊಹೆಯನ್ನು ಮರೆತುಬಿಡುತ್ತಾರೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಊಹೆಯ ಪರವಾಗಿ. ತಿಂಡಿಗೆ ಅದರ ಪಕ್ಕದಲ್ಲಿ ಎಷ್ಟು ಸ್ಥಳ ಸಲ್ಲಬೇಕೆಂಬುದನ್ನು ಆ ದಾರಿಯಲ್ಲೇ ವಿಚಾರಿಸಬೇಕಾಗಿದೆ.

ದಾಖಲೆಯಾಗಿ ಉಳಿದಿರುವ ಇಂಥ ಪಾಠಗಳಲ್ಲಿ ಬಹು ಸ್ವಾರಸ್ಯವಾದುದು ಜರ್ಮನಿಯ ಡೆಸಾವ್ ನಗರದ್ದು. ಅಲ್ಲಿ ಯೋಹಾನ್ ಬೆರ್ನ್‌ಹಾರ್ಡ್ ಬಾಸೆಡೋವ್ ಎಂಬಾತನು ಆ ಸಂಸ್ಥಾನದ ದೊರೆಯ ಆಶ್ರಯದಲ್ಲಿ 1774ರ ಡಿಸೆಂಬರಿನಲ್ಲಿ ಫಿಲಾಂತ್ರೊಪಿನಂ ಎಂಬ ಶಾಲೆಯನ್ನು ತೆರೆದನು. ಬೆತ್ತ ಮತ್ತು ಬಾಯಿಪಾಠಗಳೇ ವಿದ್ಯೆಯೆನಿಸಿಕೊಂಡಿದ್ದ ಕಾಲದಲ್ಲಿ ಆಟದ ಮೂಲಕ ಕಲಿಸುವೆವೆಂದು ಹೊರಟ ಶಾಲೆ ಅದು. ದಾರ್ಶನಿಕ ಕಾಂಟನೂ ಅದರ ಪರವಾಗಿ ಲೇಖನಿಯೆತ್ತಿದನು. 1776ರ ಮೇ ತಿಂಗಳಲ್ಲಿ ಹೊರ ಊರುಗಳ ಗಣ್ಯರನ್ನು ಬರಮಾಡಿಕೊಂಡು ಮಕ್ಕಳಿಗೆ ಬಹಿರಂಗ ಪರೀಕ್ಷೆಯನ್ನು ಏರ್ಪಡಿಸಿದರು. ಅದರ ವೃತ್ತಾಂತವನ್ನು ಶುಮ್ಮೆಲ್ ಎಂಬ ಲೇಖಕನು, ಒಬ್ಬ ಹುಡುಗನು ಬರೆದ ಪತ್ರಗಳೆಂಬ ರೂಪದಲ್ಲಿ, ಅದೇ ವರ್ಷ ಪ್ರಕಟಿಸಿದನು.

ಅದರಲ್ಲಿ ಬರುವ ಒಂದು ಆಟ ಹೀಗಿದೆ. ಮಕ್ಕಳ ಕಣ್ಣಿಗೆ ಬೀಳದಂತೆ ಕಪ್ಪುಹಲಗೆಯ ಹಿಂಬದಿಯಲ್ಲಿ ಒಬ್ಬರು ಒಂದು ಹೆಸರನ್ನು ಬರೆಯುತ್ತಾರೆ. ಅದು ಯಾವ ಜಾತಿಯ ವಸ್ತುವೆಂಬುದನ್ನು ಮಾತ್ರ ತಿಳಿಸುತ್ತಾರೆ. ಮಕ್ಕಳು ಊಹಿಸಬೇಕು, ಸರಿಯಾಗಿ ಊಹಿಸಿದವನಿಗೆ ಒಂದು ತುಂಡು ಕೇಕು. ಬಂದಿದ್ದ ಅತಿಥಿಗಳಲ್ಲೊಬ್ಬನು ಕರುಳು ಎಂಬ ಅರ್ಥದ ಲ್ಯಾಟಿನ್ ಪದವನ್ನು ಬರೆದು, ಇದು ಮನುಷ್ಯದೇಹದ ಒಂದು ಭಾಗವೆಂದನು. ಮಕ್ಕಳು ತಲೆ ಎಂದರು, ಮೂಗು ಎಂದರು, ಬಾಯಿ, ಕೈ, ಕಾಲು, ಬೆರಳು, ಎದೆ ಎಂದು ಒಂದೊಂದಾಗಿ ಲ್ಯಾಟಿನ್ನಿನಲ್ಲಿಯೇ ಹೇಳುತ್ತ ಹೋದರು. ಬಹಳ ಹೊತ್ತಿನ ಮೇಲೆ ಒಬ್ಬನಿಗೆ ಉತ್ತರ ಹೊಳೆಯಿತು. ಬಳಿಕ ಉಪಾಧ್ಯಾಯ ವೋಲ್ಕೆಯು ನಾಲ್ಕು ಕಾಲಿನ ಒಂದು ಪ್ರಾಣಿಯ ಹೆಸರನ್ನು ಬರೆದನು. ಸಿಂಹ, ಕರಡಿ, ಒಂಟೆ, ಆನೆಗಳೆಲ್ಲ ಬಂದುಹೋದವು, ಬರೆದಿದ್ದುದು ಇಲಿ. ಮೂರನೆಯದು ಒಂದು ನಗರ. ಲಿಸ್ಬನ್, ಮ್ಯಾಡ್ರಿಡ್, ಪ್ಯಾರಿಸ್, ಲಂಡನ್ ಎಂದು ಯೂರೋಪನ್ನೆಲ್ಲ ಸುತ್ತಿ ಕಡೆಗೆ ಒಂದು ಮಗು ಸೇಂಟ್ ಪೀಟರ್ಸ್‌ಬರ್ಗ್ ಎಂದು ಹೇಳಿ ಕೇಕನ್ನು ಗೆದ್ದುಕೊಂಡಿತು.

ಈ ಪ್ರಸಂಗವನ್ನು ಓದಿದವರು ಸಾಮಾನ್ಯವಾಗಿ ಕೇಕನ್ನು ನೆನಪಿಟ್ಟುಕೊಳ್ಳುತ್ತಾರೆ. ನಾವು ಗಮನಿಸಬೇಕಾದುದು ಬೇರೆ. ಪ್ರತಿಸಲವೂ ಕೇಕು ಸಂದದ್ದು ಒಬ್ಬನಿಗೆ. ಆದರೆ ಲ್ಯಾಟಿನ್ ಪದಗಳು ಹೊರಬಂದದ್ದು ಎಲ್ಲರ ಬಾಯಿಂದ. ದೇಹದ ಅಂಗಗಳ ಪಟ್ಟಿಯನ್ನು ಒಪ್ಪಿಸಿರೆಂದು ಬೆತ್ತ ಹಿಡಿದು ನಿಂತಿದ್ದರೂ ಇಷ್ಟು ಪದಗಳು ಇಷ್ಟು ಲವಲವಿಕೆಯಿಂದ ಬರುತ್ತಿರಲಿಲ್ಲ. ಪಾಠವನ್ನು ನಡೆಸಿದ್ದು ಸರಿಯಾದ ಒಂದು ಉತ್ತರವಲ್ಲ, ತಪ್ಪಾದ ಉತ್ತರಗಳ ಸಾಲು. ಕರುಳಿನ ಬದಲು ಮೂಗನ್ನು ಬರೆದಿದ್ದರೆ ಆಟವು ಎರಡನೆಯ ಮಾತಿಗೇ ಮುಗಿದು ಯಾರೂ ಏನನ್ನೂ ಕಲಿಯುತ್ತಿರಲಿಲ್ಲ. ಹಾಗೆಯೇ ಈ ಆಟದ ಕೊರತೆಯನ್ನೂ ಹೇಳಬೇಕು. ಒಂದು ಊಹೆ ತಪ್ಪಿದಾಗ ಮುಂದಿನ ಊಹೆಯನ್ನು ತಿದ್ದಿಕೊಳ್ಳಲು ಮಕ್ಕಳಿಗೆ ಯಾವ ಆಧಾರವೂ ಇರಲಿಲ್ಲ. ಸಿಂಹ ಅಲ್ಲವೆಂದರೆ ಕರಡಿ. ಕರಡಿ ಅಲ್ಲವೆಂದರೆ ಒಂಟೆ. ‘ಅದು ಮನೆಯಲ್ಲಿ ಇರುವ ಪ್ರಾಣಿಯೇ?’ ಎಂದು ಕೇಳುವ ಅವಕಾಶವಿದ್ದಿದ್ದರೆ ಪದಗಳ ಪುನರಾವೃತ್ತಿಯ ಜೊತೆಗೆ ವಿವೇಚನೆಯೂ ಬೆಳೆಯುತ್ತಿತ್ತು. ಶಾಲೆಯೇನೋ 1793ರಲ್ಲಿ ಮುಚ್ಚಿಹೋಯಿತು.

ಇದಕ್ಕೂ ಹಿಂದೆ, 1693ರಲ್ಲಿ, ಇಂಗ್ಲೆಂಡಿನ ಜಾನ್ ಲಾಕ್ ಶಿಕ್ಷಣವನ್ನು ಕುರಿತ ತನ್ನ ಗ್ರಂಥದಲ್ಲಿ ಅಕ್ಷರದ ದಾಳಗಳನ್ನು ವರ್ಣಿಸಿದ್ದಾನೆ. ಅವನು ಬಲ್ಲ ಒಬ್ಬ ದೊಡ್ಡ ಮನೆತನದವರು ಒಂದು ದಾಳದ ಆರು ಮುಖಗಳಿಗೆ ಆರು ಸ್ವರಗಳನ್ನೂ ಇನ್ನು ಮೂರು ದಾಳಗಳಿಗೆ ಹದಿನೆಂಟು ವ್ಯಂಜನಗಳನ್ನೂ ಅಂಟಿಸಿ, ಒಂದೇ ಎಸೆತದಲ್ಲಿ ಹೆಚ್ಚು ಪದಗಳನ್ನು ಪಡೆದವನು ಗೆದ್ದನೆಂಬ ಆಟವನ್ನು ಮಕ್ಕಳಿಗೆ ಮಾಡಿಕೊಟ್ಟಿದ್ದರಂತೆ. ಅವರ ಹಿರಿಯ ಮಗ ಎಳವೆಯಲ್ಲೇ, ಯಾರ ಒತ್ತಾಯವೂ ಇಲ್ಲದೆ, ಆಡುತ್ತಾಡುತ್ತ ಕಾಗುಣಿತ ಕಲಿತನು. ಆಟವನ್ನು ಇಷ್ಟು ಮೆಚ್ಚಿದ ಲಾಕ್, ಅದೇ ಪುಸ್ತಕದಲ್ಲಿ, ಪಾಠ ಕಲಿಯಲೆಂದು ಮಗುವಿಗೆ ಸೇಬನ್ನೋ ಸಕ್ಕರೆಮಿಠಾಯಿಯನ್ನೋ ಕೊಡುವ ತಂದೆಯನ್ನು ಕಟುವಾಗಿ ಟೀಕಿಸುತ್ತಾನೆ. ಹಾಗೆ ಕೊಡುವುದರಿಂದ ಯಾವ ಚಪಲವನ್ನು ಹಿಡಿತದಲ್ಲಿಡಬೇಕೋ ಅದಕ್ಕೇ ತಂದೆ ಒಪ್ಪಿಗೆಯ ಮುದ್ರೆ ಒತ್ತಿದಂತಾಗುತ್ತದೆಂಬುದು ಅವನ ವಾದ. ಲಾಕನ ಎರಡು ಮಾತುಗಳೂ ಒಂದಕ್ಕೊಂದು ವಿರೋಧವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಆಟದಲ್ಲಿ ಗೆಲುವು ಆಟದ ಒಳಗಿನದು. ಪಾಠಕ್ಕೆ ಕೊಟ್ಟ ಮಿಠಾಯಿ ಪಾಠದ ಹೊರಗಿನದು.

ಈ ಒಳಗು ಹೊರಗುಗಳ ಭೇದವನ್ನು ನಮ್ಮ ನಾಡಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಸರಿ-ಬೆಸದ ಆಟವನ್ನು ನೋಡಿದವರಿಗೆ ಅದು ತಿಳಿದದ್ದೇ. ಒಬ್ಬನು ಹುಣಿಸೆಬೀಜವನ್ನೋ ಕಡಲೆಕಾಯಿಬೀಜವನ್ನೋ ಮುಷ್ಟಿಯಲ್ಲಿ ಹಿಡಿದು ‘ಸರಿಯೋ ಬೆಸವೋ’ ಎನ್ನುತ್ತಾನೆ. ಇನ್ನೊಬ್ಬನು ಹೇಳುತ್ತಾನೆ. ಮುಷ್ಟಿ ಬಿಚ್ಚಿ, ಬೀಜಗಳನ್ನು ಎರಡೆರಡಾಗಿ ಜೋಡಿಸಿ ನೋಡುತ್ತಾರೆ. ಊಹೆ ನಿಜವಾದರೆ ಮುಷ್ಟಿಯಲ್ಲಿದ್ದುದು ಹೇಳಿದವನ ಪಾಲು. ಸುಳ್ಳಾದರೆ ತೆರುವ ಕ್ರಮ ಊರಿಂದೂರಿಗೆ ಬೇರೆ. ಇಲ್ಲಿ ಪ್ರಶ್ನೆಯೂ ಬಹುಮಾನವೂ ಒಂದೇ ಮುಷ್ಟಿಯಲ್ಲಿವೆ. ಎಣಿಸದೆ ತಿನ್ನುವಂತಿಲ್ಲ, ಜಗಳವಾಡದೆ ಎಣಿಸುವಂತಿಲ್ಲ. ಎದುರಾಳಿಯ ಕಣ್ಣಿಗಿಂತ ಕಟ್ಟುನಿಟ್ಟಾದ ಪರೀಕ್ಷಕರು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಇಲ್ಲ. ಈ ಆಟ ನಮ್ಮೊಬ್ಬರದೇ ಅಲ್ಲ. ರೋಮಿನ ಮಕ್ಕಳೂ ಇದನ್ನು ಆಡುತ್ತಿದ್ದರು. ಚಕ್ರವರ್ತಿ ಆಗಸ್ಟಸನು ತನ್ನ ಅತಿಥಿಗಳಿಗೆ ಊಟದ ಹೊತ್ತಿನಲ್ಲಿ ದಾಳವನ್ನೋ ಸರಿ-ಬೆಸವನ್ನೋ ಆಡಲೆಂದು ಹಣ ಹಂಚಿದ್ದನೆಂದು ಸ್ಯೂಟೋನಿಯಸ್ ಬರೆದಿದ್ದಾನೆ.

ಮೂರು ನಾಲ್ಕು ವರ್ಷಗಳ ಹಿಂದೆ ತರಬೇತಿಯ ವಿದ್ಯಾರ್ಥಿಗಳ ಬೋಧನಾಭ್ಯಾಸವನ್ನು ನೋಡಲು ನಾವು ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ಎರಡನೆಯ ತರಗತಿಗೆ ಗಣಿತ ಹೇಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಈ ಆಟವನ್ನೇ ಸ್ವಲ್ಪ ಮಾರ್ಪಡಿಸಿ ತಂದಿದ್ದಳು. ಕೈಯಲ್ಲಿ ಕಡಲೆಕಾಯಿಬೀಜ ಹಿಡಿದು ‘ಎಷ್ಟಿವೆ?’ ಎಂದು ಕೇಳುವುದು; ಮೊದಲು ಸರಿಯಾಗಿ ಹೇಳಿದವರಿಗೆ ಒಂದು ಪೆಪ್ಪರಮಿಂಟು. ಮೊದಲನೆಯ ದಿನ ತರಗತಿಯೇ ಎದ್ದು ನಿಂತಿತು. ನಮಗೂ ಸಂತೋಷವಾಯಿತು, ವೀಕ್ಷಣೆಯ ಪುಸ್ತಕದಲ್ಲಿ ಮೆಚ್ಚುಗೆಯ ಮಾತನ್ನೂ ಬರೆದುಬಿಟ್ಟೆವು. ನಾಲ್ಕನೆಯ ದಿನ ಮತ್ತೆ ಹೋದಾಗ ಬೇರೆಯೇ ನೋಟ. ಆಕೆ ಒಳಗೆ ಬರುತ್ತಲೇ ಮಕ್ಕಳು ಕೇಳಿದ್ದು ‘ಇವತ್ತು ಏನು ತಂದಿದ್ದೀರಿ ಮಿಸ್?’ ಎಂದು. ಮುಂದಿನ ಸಾಲಿನ ನಾಲ್ಕೈದು ಮಕ್ಕಳು ಬಾಯಿಗೆ ಬಂದ ಸಂಖ್ಯೆಗಳನ್ನು ಒಂದೇ ಉಸಿರಿಗೆ ಕೂಗುತ್ತಿದ್ದರು. ಮುಷ್ಟಿ ಬಿಚ್ಚಿದ ಮೇಲೆ ಬೀಜಗಳನ್ನು ಎಣಿಸುವುದರಲ್ಲಿ ಯಾರಿಗೂ ಆಸಕ್ತಿಯಿರಲಿಲ್ಲ. ಪೆಪ್ಪರಮಿಂಟು ಯಾರಿಗೆಂದು ತೀರ್ಮಾನವಾದ ಕೂಡಲೇ ಗದ್ದಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೈಕಟ್ಟಿ ಕುಳಿತಿದ್ದಳು. ನೀನೇಕೆ ಹೇಳುವುದಿಲ್ಲವಮ್ಮ ಎಂದು ನಾವು ಕೇಳಿದೆವು. ‘ನಾನು ಹೇಳಿದ್ದು ಯಾವತ್ತೂ ಆಗಲ್ಲ ಸಾರ್’ ಎಂದಳು. ಏಳು ವರ್ಷದ ಮಗು ನಾಲ್ಕೇ ದಿನಗಳಲ್ಲಿ ತನ್ನನ್ನು ಕುರಿತು ಒಂದು ಸಿದ್ಧಾಂತಕ್ಕೆ ಬಂದುಬಿಟ್ಟಿತ್ತು. ಗಣಿತದಲ್ಲಿ ಅದು ಏನನ್ನು ಕಲಿಯಿತೋ, ಇದನ್ನಂತೂ ಕಲಿತಿತ್ತು.

ಅದೇ ತರಗತಿಯ ಇನ್ನೊಬ್ಬ ಹುಡುಗನ ಸಂಗತಿಯನ್ನು ಹೇಳದಿರಲಾಗದು. ಅವನು ಪ್ರತಿಸಲವೂ ಐದು ಅಥವಾ ಆರು ಎನ್ನುತ್ತಿದ್ದನು. ಬೇರೆ ಸಂಖ್ಯೆಯನ್ನು ಹೇಳುತ್ತಲೇ ಇರಲಿಲ್ಲ. ವಿದ್ಯಾರ್ಥಿನಿಗೆ ಇದು ಸೋಮಾರಿತನವೆಂದು ತೋರಿ ಅವನನ್ನು ಗದರಿಸಿದಳು. ವಿಚಾರಿಸಿದಾಗ ಹೊರಬಿದ್ದದ್ದು ಏನೆಂದರೆ, ಮಿಸ್ಸಿನ ಮುಷ್ಟಿಯಲ್ಲಿ ನಾಲ್ಕಕ್ಕಿಂತ ಕಡಮೆ, ಏಳಕ್ಕಿಂತ ಹೆಚ್ಚು ಎಂದೂ ಇರುವುದಿಲ್ಲವೆಂಬುದನ್ನು ಅವನು ಗುರುತಿಸಿಕೊಂಡಿದ್ದನು. ಆ ನಾಲ್ಕು ದಿನಗಳ ಪಾಠದಲ್ಲಿ ನಡೆದ ಅತ್ಯುತ್ತಮ ಗಣಿತ ಇದೇ. ಆದರೆ ಪೆಪ್ಪರಮಿಂಟಿನ ಲೆಕ್ಕದಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಮನ್ನಣೆಯೂ ಇರಲಿಲ್ಲ.

ನಾವು ಕಂಡದ್ದು ಒಂದು ತರಗತಿಯ ಮಾತು. ಅದನ್ನು ಪ್ರಯೋಗವೆಂದು ಕರೆಯಲಾಗದು. ಆದರೆ ಇದೇ ಬಗೆಯ ಸಂಗತಿಯನ್ನು ಕ್ರಮವಾಗಿ ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬುವರು ನಡೆಸಿದ ಪ್ರಯೋಗದ ವರದಿ 1973ರಲ್ಲಿ ಪ್ರಕಟವಾಯಿತು. ಬಣ್ಣದ ಲೇಖನಿಗಳಿಂದ ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿ ತೋರಿಸಿದ್ದ, 3ರಿಂದ 5 ವರ್ಷದ 51 ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆಯೂ ರಿಬ್ಬನ್ನೂ ಇರುವ ಬಹುಮಾನಪತ್ರ ಕೊಡುವೆವೆಂದು ಮೊದಲೇ ಹೇಳಿ, ಬರೆದ ಮೇಲೆ ಕೊಟ್ಟರು. ಎರಡನೆಯ ಗುಂಪಿಗೆ ಏನೂ ಹೇಳದೆ, ಚಿತ್ರ ಮುಗಿದ ಬಳಿಕ ಅದೇ ಪತ್ರವನ್ನು ಅನಿರೀಕ್ಷಿತವಾಗಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರಗಳ ಬಳಿಕ ಲೇಖನಿಗಳನ್ನು ಮೇಜಿನ ಮೇಲಿಟ್ಟು, ಮಕ್ಕಳು ಬಿಡುವಿನ ಹೊತ್ತಿನಲ್ಲಿ ತಾವಾಗಿ ಎಷ್ಟು ಹೊತ್ತು ಚಿತ್ರ ಬರೆಯುವರೆಂಬುದನ್ನು ಮರೆಯಲ್ಲಿ ನಿಂತು ಅಳೆದರು. ಬಹುಮಾನವನ್ನೇ ಕಾಣದ ಮಕ್ಕಳು ತಮ್ಮ ಬಿಡುವಿನ ನೂರಕ್ಕೆ 16.7 ಭಾಗವನ್ನೂ, ಅನಿರೀಕ್ಷಿತವಾಗಿ ಪಡೆದವರು 18.1 ಭಾಗವನ್ನೂ ಚಿತ್ರಕ್ಕೆ ಕೊಟ್ಟರು. ಬಹುಮಾನಕ್ಕಾಗಿ ಬರೆದಿದ್ದವರು ಕೊಟ್ಟದ್ದು 8.6 ಭಾಗ ಮಾತ್ರ. ಮೊದಲು ಆಟವಾಗಿದ್ದುದು ಅವರ ಪಾಲಿಗೆ ಕೂಲಿಯಾಯಿತು. ಕೂಲಿ ನಿಂತ ಮೇಲೆ ಕೆಲಸವೂ ನಿಂತಿತು.

ಈ ಬಗೆಯ ಪ್ರಯೋಗಗಳ ಅರ್ಥವನ್ನು ಕುರಿತು ಮನಶ್ಶಾಸ್ತ್ರಜ್ಞರಲ್ಲಿ ದೊಡ್ಡ ಜಗಳವೇ ನಡೆದಿದೆ. 1994ರಲ್ಲಿ ಕ್ಯಾಮರಾನ್ ಮತ್ತು ಪಿಯರ್ಸ್ ಎಂಬುವರು ಬಹುಮಾನದ ಕೇಡು ಅಷ್ಟೇನೂ ದೊಡ್ಡದಲ್ಲವೆಂದು ವಾದಿಸಿದರು. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯನ್ ಎಂಬ ಮೂವರು 128 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಮೊದಲೇ ಆಸೆ ತೋರಿಸಿ ಕೊಟ್ಟ ವಸ್ತುರೂಪದ ಬಹುಮಾನ ಆಸಕ್ತಿಯನ್ನು ಕುಗ್ಗಿಸುವುದೆಂದೂ, ಅನಿರೀಕ್ಷಿತ ಬಹುಮಾನ ಹಾಗೆ ಮಾಡುವುದಿಲ್ಲವೆಂದೂ ಮತ್ತೆ ಸ್ಥಾಪಿಸಿದರು. ಒಂದು ಮಾತನ್ನು ಮಾತ್ರ ಎರಡು ಪಕ್ಷದವರೂ ಅಲ್ಲಗಳೆಯಲಾರರು. ಕುಗ್ಗುವುದಕ್ಕೆ ಮೊದಲು ಆಸಕ್ತಿಯಿರಬೇಕು. ಯಾವ ರುಚಿಯೂ ಇಲ್ಲದ ಮಗ್ಗಿಯ ಕಂಠಪಾಠಕ್ಕೆ ಬೆಲ್ಲ ಕೊಟ್ಟರೆ ಕಳೆದುಹೋಗುವುದು ಹೆಚ್ಚೇನಿಲ್ಲ. ಆದರೆ ಊಹೆಯ ಆಟ ಮಗುವಿಗೆ ಸ್ವಭಾವತಃ ಪ್ರಿಯವಾದದ್ದು. ಮಗುವು ಉಚಿತವಾಗಿ ಕೊಡುತ್ತಿದ್ದುದನ್ನು ನಾವು ಕ್ರಯಕ್ಕೆ ಕೊಳ್ಳಹೊರಟರೆ ಇಬ್ಬರಿಗೂ ನಷ್ಟ.

ಹಾಗಾದರೆ ಊಹೆ ಮಾಡುವ ಕೆಲಸವೇನು? ತಪ್ಪು ಉತ್ತರವನ್ನು ಬಾಯಲ್ಲಿ ಆಡಿದರೆ ಅದೇ ಮನಸ್ಸಿನಲ್ಲಿ ನೆಲೆಯೂರುವುದೆಂಬ ಭಯ ನಮ್ಮ ಉಪಾಧ್ಯಾಯರಲ್ಲಿ ಬೇರುಬಿಟ್ಟಿದೆ. ‘ಗೊತ್ತಿದ್ದರೆ ಹೇಳು, ಇಲ್ಲದಿದ್ದರೆ ಸುಮ್ಮನಿರು’ ಎಂಬ ಮಾತನ್ನು ಶಾಲೆಯಲ್ಲಿ ಕೇಳದವರು ವಿರಳ. 2009ರಲ್ಲಿ ಕಾರ್ನೆಲ್, ಹೇಸ್ ಮತ್ತು ಬ್ಯೋರ್ಕ್ ಎಂಬುವರು ಪ್ರಕಟಿಸಿದ ಪ್ರಯೋಗಗಳು ಈ ಭಯವನ್ನು ಬಹುಮಟ್ಟಿಗೆ ಅಲುಗಿಸಿವೆ. ಅವು ವಯಸ್ಕರ ಮೇಲೆ ನಡೆದವು ಎಂಬುದನ್ನು ಮರೆಯಬಾರದು. ದೂರದ ಸಂಬಂಧವುಳ್ಳ ಎರಡು ಪದಗಳ ಜೋಡಿಯಲ್ಲಿ ಒಂದನ್ನು ತೋರಿಸಿ ಇನ್ನೊಂದನ್ನು ಊಹಿಸಲು ಹೇಳಿದರು. ಊಹೆ ತಪ್ಪಾಗುವುದು ಬಹುಮಟ್ಟಿಗೆ ಖಚಿತವೇ ಆಗಿತ್ತು. ಕೂಡಲೇ ಸರಿಯಾದ ಜೋಡಿಯನ್ನು ತೋರಿಸಿದರು. ಹೀಗೆ ತಪ್ಪಾಗಿ ಊಹಿಸಿ ಆಮೇಲೆ ತಿಳಿದವರು, ಊಹಿಸದೆ ಸುಮ್ಮನೆ ಓದಿಕೊಂಡವರಿಗಿಂತ ಹೆಚ್ಚಾಗಿ ನೆನಪಿಟ್ಟುಕೊಂಡರು. ಊಹಿಸಿದವನು ಉತ್ತರಕ್ಕಾಗಿ ಕಾದಿರುತ್ತಾನೆ. ಊಹಿಸದವನಿಗೆ ಉತ್ತರ ಬಂದರೂ ಒಂದೇ, ಬಾರದಿದ್ದರೂ ಒಂದೇ. ಆದರೆ ‘ಕೂಡಲೇ’ ಎಂಬ ಮಾತು ಮುಖ್ಯ. ಊಹೆಗೂ ಮುಷ್ಟಿ ಬಿಚ್ಚುವುದಕ್ಕೂ ನಡುವೆ ಗಂಟೆಗಳು ಕಳೆದರೆ ಆಟವೂ ಹೋಯಿತು, ಪಾಠವೂ ಹೋಯಿತು.

ಊಹೆಯ ಆಟದಿಂದ ಅಕ್ಷರ ಅಂಕಿಗಳ ಅಗತ್ಯವೇ ಮಗುವಿನಲ್ಲಿ ಹುಟ್ಟಬಹುದೆಂಬುದಕ್ಕೆ ಮಾರ್ಟಿನ್ ಹ್ಯೂಸ್ ಎಂಬ ಇಂಗ್ಲಿಷ್ ಸಂಶೋಧಕನು 1986ರ ತನ್ನ ಪುಸ್ತಕದಲ್ಲಿ ಒಂದು ಸೊಗಸಾದ ನಿದರ್ಶನವನ್ನು ಕೊಟ್ಟಿದ್ದಾನೆ. ಒಂದೇ ತೆರನಾದ ನಾಲ್ಕು ಡಬ್ಬಿಗಳು; ಒಂದರಲ್ಲಿ ಒಂದು ಮರದ ಬಿಲ್ಲೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು, ನಾಲ್ಕನೆಯದು ಬರಿದು. ಮುಚ್ಚಳ ಹಾಕಿ ಸ್ಥಳ ಪಲ್ಲಟಿಸಿ, ಮೂರಿರುವ ಡಬ್ಬಿ ಯಾವುದೆಂದು ಮಗುವನ್ನು ಕೇಳುವುದು. ಮಗು ಊಹಿಸುತ್ತದೆ, ತಪ್ಪುತ್ತದೆ, ನಗುತ್ತದೆ. ಸ್ವಲ್ಪ ಹೊತ್ತು ಹೀಗೆ ಆಡಿಸಿ, ಪ್ರತಿ ಮುಚ್ಚಳಕ್ಕೂ ಒಂದು ಕಾಗದ ಅಂಟಿಸಿ, ಕೈಗೊಂದು ಲೇಖನಿ ಕೊಟ್ಟು, ಗುರುತಿಗೆ ಏನಾದರೂ ಬರೆದುಕೋ ಎಂದು ಹೇಳುತ್ತಾರೆ. ಶಾಲೆಗೆ ಸೇರದ ಮಕ್ಕಳು ಕೂಡ ಮೂರಿದ್ದಲ್ಲಿ ಮೂರು ಗೀಟು ಎಳೆಯುತ್ತಾರೆ, ಇಲ್ಲವೆ ಮೂರು ಚೌಕ ಬರೆಯುತ್ತಾರೆ. ಕೆಲವರು ಬರಿದಾದ ಡಬ್ಬಿಯ ಮೇಲಿನ ಕಾಗದವನ್ನು ಬರಿದಾಗಿಯೇ ಬಿಡುತ್ತಾರೆ. ಬಳಿಕ ಆಡಿದಾಗ ಊಹೆಯ ಬದಲು ಓದು ಬಂದಿರುತ್ತದೆ. ಶೂನ್ಯಕ್ಕೆ ಗುರುತೇಕೆ ಬೇಕೆಂಬುದನ್ನು ಇಷ್ಟು ಸುಲಭವಾಗಿ ತಿಳಿಯಹೇಳುವ ಪಾಠ ಇನ್ನೊಂದಿರಲಾರದು. ಈ ಆಟದಲ್ಲಿ ತಿಂಡಿಯೇ ಇಲ್ಲವೆಂಬುದನ್ನು ಮೇಲಣ ಎರಡನೆಯ ಪಂಗಡದವರು ಗಮನಿಸಬೇಕು.

ಮೊದಲನೆಯ ಪಂಗಡಕ್ಕೂ ಹೇಳಬೇಕಾದ ಮಾತುಂಟು. ತಿಂಡಿಯು ಪ್ರಶ್ನೆಯ ಹೊರಗೆ ನಿಲ್ಲದೆ ಪ್ರಶ್ನೆಯ ವಸ್ತುವೇ ಆದಾಗ ಅದರ ಗುಣ ಬೇರೆ. ಪಿಯಾಜೆಯ ಪ್ರಸಿದ್ಧ ಪರೀಕ್ಷೆಯಲ್ಲಿ, ವಸ್ತುಗಳ ಎರಡು ಸಾಲುಗಳಲ್ಲಿ ಒಂದನ್ನು ಹಿಗ್ಗಲಿಸಿಟ್ಟರೆ ಚಿಕ್ಕ ಮಕ್ಕಳು ಉದ್ದನೆಯ ಸಾಲಿನಲ್ಲೇ ಹೆಚ್ಚಿವೆಯೆನ್ನುತ್ತಾರೆ. 1967ರಲ್ಲಿ ಮೆಲರ್ ಮತ್ತು ಬೆವರ್ ಎಂಬುವರು ನಾಲ್ಕರ ಉದ್ದನೆಯ ಸಾಲನ್ನೂ ಆರರ ಗಿಡ್ಡ ಸಾಲನ್ನೂ ಮಿಠಾಯಿಗಳಿಂದ ಕಟ್ಟಿ, ಯಾವುದು ಬೇಕೋ ಅದನ್ನು ತೆಗೆದುಕೊಂಡು ತಿನ್ನಿರೆಂದಾಗ, ಎರಡೂವರೆ ಮೂರು ವರ್ಷದ ಮಕ್ಕಳೂ ಬಹುಪಾಲು ಆರರ ಸಾಲಿಗೇ ಕೈಹಾಕಿದರು. ಜೇಡಿಮಣ್ಣಿನ ಗುಳಿಗೆಗಳನ್ನು ಇಟ್ಟು ‘ಯಾವುದು ಹೆಚ್ಚು’ ಎಂದು ಕೇಳಿದಾಗ ಉತ್ತರಗಳು ಇಷ್ಟು ನಿಚ್ಚಳವಾಗಿರಲಿಲ್ಲ. ಪಿಯಾಜೆಯು ಇದನ್ನು ಒಪ್ಪಲಿಲ್ಲ, ವಾದ ಬೆಳೆಯಿತು. ಅದೇನೇ ಇರಲಿ, ಮಗುವಿಗೆ ನಮ್ಮ ಪ್ರಶ್ನೆ ಪ್ರಶ್ನೆಯೆಂದೇ ಅನಿಸಬೇಕಾದರೆ ಅದರ ಉತ್ತರದಿಂದ ಏನಾದರೂ ವ್ಯತ್ಯಾಸವಾಗಬೇಕೆಂಬುದು ಸ್ಪಷ್ಟ. ರೋಷೆಲ್ ಗೆಲ್ಮನ್ ಎಂಬ ವಿದುಷಿಯು 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಆಟದ ಈ ಗುಣವನ್ನೇ ಬಳಸಿಕೊಂಡಳು. ಆಟಿಕೆಯ ಇಲಿಗಳು ಮೂರಿರುವ ತಟ್ಟೆ ‘ಗೆದ್ದ’ ತಟ್ಟೆ, ಎರಡಿರುವುದು ‘ಸೋತ’ ತಟ್ಟೆ. ಮುಚ್ಚಿ ಸ್ಥಳ ಬದಲಿಸಿ ಗೆದ್ದದ್ದು ಎಲ್ಲಿದೆಯೆಂದು ಊಹಿಸಬೇಕು, ಸಿಕ್ಕರೆ ಸಣ್ಣ ಬಹುಮಾನ. ಸಂಖ್ಯೆಯ ಮಾತನ್ನೇ ಅವಳು ಎತ್ತಲಿಲ್ಲ. ನಡುವೆ ಗುಟ್ಟಾಗಿ ಒಂದು ಇಲಿಯನ್ನು ತೆಗೆದುಬಿಟ್ಟಾಗ ಮೂರು ನಾಲ್ಕು ವರ್ಷದ ಮಕ್ಕಳು ಬೆರಗಾಗಿ, ಒಂದು ಕಾಣೆಯಾಗಿದೆಯೆಂದು ತಾವಾಗಿಯೇ ಹೇಳಿದರು. ಇಲಿಗಳ ನಡುವಣ ಅಂತರವನ್ನು ಮಾತ್ರ ಬದಲಿಸಿದಾಗ ಅದು ಗೆದ್ದ ತಟ್ಟೆಯೇ ಎಂದರು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಊಹಿಸಿ ಗೆದ್ದು ತಿನ್ನುವುದು ಜೂಜಿನ ಮೊದಲ ಮೆಟ್ಟಿಲಲ್ಲವೇ ಎಂದು ಹಿರಿಯರು ಕೇಳುವುದುಂಟು. ಸರಿ-ಬೆಸದ ಮಟ್ಟಿಗೆ ಆಕ್ಷೇಪಣೆ ತೀರ ಸುಳ್ಳಲ್ಲ; ಮುಷ್ಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಸರಿಯೋ ಬೆಸವೋ ಎಂಬುದು ಕಾಣದು. ಪಾಠಕ್ಕೆ ತಕ್ಕದ್ದು ನೋಡಿ, ಯೋಚಿಸಿ, ದಿನದಿಂದ ದಿನಕ್ಕೆ ಉತ್ತಮಪಡಿಸಬಹುದಾದ ಊಹೆ. ಹುಣಿಸೆಹಣ್ಣಿನ ಓಡಿನ ಉಬ್ಬುಗಳನ್ನು ಬೆರಳಿನಿಂದ ತಡವಿ ಒಳಗೆ ಎಷ್ಟು ಬೀಜವೆಂದು ಹೇಳಬಹುದು. ಕಿತ್ತಳೆಹಣ್ಣಿನ ತೊಟ್ಟನ್ನು ಕಿತ್ತರೆ ಅದರಡಿಯಲ್ಲಿ ಕಾಣುವ ಸಣ್ಣ ಚುಕ್ಕೆಗಳು ಸಾಮಾನ್ಯವಾಗಿ ತೊಳೆಗಳ ಸಂಖ್ಯೆಯನ್ನು ಸೂಚಿಸುತ್ತವೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ರಥದಲ್ಲಿ ಕುಳಿತೇ ತಾರೆಯ ಮರದ ಎರಡು ಕೊಂಬೆಗಳಲ್ಲಿ 2095 ಹಣ್ಣುಗಳಿವೆಯೆಂದು ಹೇಳಿದುದನ್ನು ಎಲ್ಲರೂ ಬಲ್ಲರು. ಆ ಕಥೆಯಲ್ಲಿ ನಮಗೆ ಪ್ರಿಯನಾದವನು ಋತುಪರ್ಣನಲ್ಲ, ಬಾಹುಕನ ವೇಷದ ನಳ. ಸ್ವಯಂವರಕ್ಕೆ ಹೊತ್ತಾಗುತ್ತಿದೆಯೆಂದು ದೊರೆ ಅವಸರಪಡಿಸಿದರೂ ಅವನು ರಥ ನಿಲ್ಲಿಸಿ, ಮರವನ್ನು ಕೆಡವಿ, ಎಣಿಸಿಯೇ ನೋಡಿದನು. ದಾಳದಲ್ಲಿ ರಾಜ್ಯ ಕಳೆದುಕೊಂಡವನಿಗೆ ಅಕ್ಷಹೃದಯ ದೊರಕಿದ್ದು ಆ ಎಣಿಕೆಯ ಬಳಿಕ.

ಆ ಹಳ್ಳಿಯ ಶಾಲೆಯಲ್ಲಿ ಉಳಿದಿದ್ದ ದಿನಗಳಿಗೆ ನಾವೂ ಆ ವಿದ್ಯಾರ್ಥಿನಿಯೂ ಕುಳಿತು ಆಟದ ಕ್ರಮವನ್ನು ಬದಲಾಯಿಸಿದೆವು. ಕೂಗುವುದು ಬೇಡ, ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ಮೊದಲು ಸ್ಲೇಟಿನ ಮೇಲೆ ಬರೆಯಬೇಕು. ಎಲ್ಲರೂ ಬರೆದ ಮೇಲೆ ಎಣಿಕೆ; ಎಣಿಸುವವರು ಮಕ್ಕಳೇ. ಅನಂತರ ಯಾರ ಊಹೆ ಎಷ್ಟು ದೂರದಲ್ಲಿತ್ತು ಎಂಬ ಲೆಕ್ಕ. ಇದರಿಂದ ಕಳೆಯುವ ಲೆಕ್ಕ ಬೇಡವೆಂದರೂ ಬರುತ್ತದೆ. ‘ಏಕೆ ಹಾಗೆಂದುಕೊಂಡೆ?’ ಎಂದು ಸರಿ ಹೇಳಿದವರನ್ನೂ ತಪ್ಪು ಹೇಳಿದವರನ್ನೂ ಒಂದೇ ದನಿಯಲ್ಲಿ ಕೇಳಬೇಕು. ಕಡೆಗೆ ತಿಂಡಿ ಎಲ್ಲರಿಗೂ ಸಮನಾಗಿ. ಈಜಿಪ್ಟಿನ ಮಕ್ಕಳು ಸೇಬುಗಳನ್ನೂ ಮಾಲೆಗಳನ್ನೂ ಹಂಚಿ ಹಂಚಿ ಗಣಿತ ಕಲಿಯುತ್ತಿದ್ದರೆಂದು ಪ್ಲೇಟೋ ಬರೆದಿದ್ದಾನೆ. ಭಾಗಾಕಾರಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನಮಗೆ ತಿಳಿಯದು. ಒಂದು ಬೀಜ ಶೇಷವುಳಿದಾಗ ಏನು ಮಾಡಬೇಕೆಂಬ ಚರ್ಚೆಗೆ ಒಂದು ದಿನ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವನ್ನು ನಾವು ವ್ಯರ್ಥವೆಂದು ಎಣಿಸಲಿಲ್ಲ.

ಸಮನಾಗಿ ಹಂಚುವುದಕ್ಕೆ ಇನ್ನೊಂದು ಕಾರಣವೂ ಉಂಟು. 2002ರಲ್ಲಿ ಅಕ್ಷರ ದಾಸೋಹ ಆರಂಭವಾದ ಮೇಲೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟವೇನೋ ಇದೆ; ಆದರೆ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬರುವ ಮಗು ಇಲ್ಲವೆಂದು ಯಾರೂ ಹೇಳಲಾರರು. ಹಸಿದ ಮಗುವಿನ ಎದುರಿಗೆ ತಿಂಡಿಯನ್ನು ಪಣವಾಗಿಟ್ಟು, ಉತ್ತರ ತಪ್ಪಿತೆಂದು ಅದನ್ನು ಇನ್ನೊಬ್ಬನಿಗೆ ಕೊಡುವುದು ಬೋಧನಕ್ರಮವಲ್ಲ. ಅದಕ್ಕೆ ಬೇರೆ ಹೆಸರಿದೆ. ಇನ್ನು ಚಿಕ್ಕದೊಂದು ಎಚ್ಚರಿಕೆ: ಶಿಶುವಿಹಾರದ ಪುಟ್ಟ ಮಕ್ಕಳಿಗೆ ಇಡೀ ಕಡಲೆಕಾಯಿಬೀಜವನ್ನು ಕೊಡಲೇಬಾರದು. ನಗುವಾಗಲೋ ಓಡುವಾಗಲೋ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವಾಗುವುದುಂಟು. ಅವರಿಗೆ ಮೆತ್ತನೆಯ ಹಣ್ಣಿನ ಸಣ್ಣ ಹೋಳುಗಳು ಸಾಕು.

ಇಷ್ಟಕ್ಕೆಲ್ಲ ಕಾಲವೆಲ್ಲಿದೆ, ಪಠ್ಯ ಮುಗಿಸಬೇಡವೇ ಎಂದು ಉಪಾಧ್ಯಾಯರು ಕೇಳುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ಆಟವನ್ನು ಪಾಠದ ಒಳಕ್ಕೇ ತಂದಿರುವಾಗ ಈ ಮಾತಿಗೆ ಹಿಂದಿನಷ್ಟು ಬಲವಿಲ್ಲ. ದಿನಕ್ಕೆ ಒಂದೇ ಊಹೆ, ಕಾಲು ಗಂಟೆ. ಅದಕ್ಕಿಂತ ಹೆಚ್ಚಾದರೆ ಆಟವೂ ಹಳಸುತ್ತದೆ.

ನಾವು ಹೊರಡುವ ದಿನ ಕಿತ್ತಳೆಹಣ್ಣಿನ ಸರದಿ. ತೊಳೆ ಎಷ್ಟೆಂದು ಬರೆಯಿರಿ ಎಂದ ಕೂಡಲೇ ಮುಂದಿನ ಸಾಲಿನವರು ಬಳಪ ಓಡಿಸಿದರು. ‘ಯಾವತ್ತೂ ಆಗಲ್ಲ’ ಎಂದಿದ್ದ ಹುಡುಗಿ ಮಾತ್ರ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಏನನ್ನೂ ಬರೆಯದೆ ಕುಳಿತಿದ್ದಳು. ಮತ್ತೆ ಹಿಂದೆಗೆದಳೋ ಎಂದು ನಾವು ಹತ್ತಿರ ಹೋದೆವು. ಅವಳು ಹಣ್ಣನ್ನೇ ನೋಡುತ್ತ ಕೇಳಿದಳು: ‘ಬರೆಯೋಕೆ ಮುಂಚೆ ತೊಟ್ಟು ಕಿತ್ತು ನೋಡಬಹುದಾ ಸಾರ್?’